ತಾನೇ ಆಡುವ ಆಟಕ್ಕೆ ಕಾವಲೇಕೆ?

ಕಡಲೆ ಕಾಯಿ ಕಟ್ಟುವ ದಿನಗಳಲ್ಲಿ ಗಜೇಂದ್ರಗಡ ತಾಲ್ಲೂಕಿನ ರಾಜೂರಕ್ಕೆ ಹೋಗಿದ್ದೆ. ದಾಯಾದಿ ಅಣ್ಣನ ಮಗ ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಕಟ್ಟೆಯ ಮೇಲೆ ಅವನ ಮೊಬೈಲ್ ಇತ್ತು. ಪರದೆಯಲ್ಲಿ ಖಡ್ಗಧಾರಿ ವೀರನೊಬ್ಬ ಸಾಲುಸಾಲಾಗಿ ರಾಕ್ಷಸರನ್ನು ಕಡಿಯುತ್ತಿದ್ದರೆ, ಹುಡುಗನ ಬೆರಳುಗಳು ಹಸಿಗಡಲೆ ಸುಲಿಯುತ್ತಿದ್ದವು. ಆಟ ಬಿಟ್ಟು ಇದೇನು ಎಂದೆ. ‘ನಾ ಆಡೂದು ಬ್ಯಾಡ್ರಿ ಕಾಕಾ, ಅದು ತಾನ ಆಡತೈತಿ. ದಿನಾ ಹಾಜರಿ ಹಾಕಿ ಬಕ್ಷೀಸು ತಗೊಂಡ್ರ ಆತು’ ಎಂದ.

‘ಹಾಜರಿ’ ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವನು ನಾನು. ಆದರೆ ನನಗೆ ಅದಕ್ಕೆ ಸಂಬಳವಿತ್ತು.

ಈ ಬಗೆಯ ಆಟಗಳಿಗೆ ‘ರೋಲ್ ಪ್ಲೇಯಿಂಗ್’ ಆಟಗಳೆಂದು ಹೆಸರು. ಆಡುವವನು ಒಂದು ಪಾತ್ರವನ್ನು ಧರಿಸಿ, ಕಥೆಯೊಳಗೆ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವುದು ಇವುಗಳ ಮೂಲ ಲಕ್ಷಣ. ಅಮೆರಿಕದಲ್ಲಿ 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಗೆಳೆಯರು ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಮಾತಿನಲ್ಲೇ ಕಥೆ ಕಟ್ಟುತ್ತಿದ್ದರು. ಪಾತ್ರ ಧರಿಸುವ ಸುಖ ನಮ್ಮ ಸೀಮೆಗೂ ಹೊಸದಲ್ಲ. ದೊಡ್ಡಾಟದಲ್ಲಿ ಅರ್ಜುನನಾಗುವ ಒಕ್ಕಲಿಗ ಅದಕ್ಕಾಗಿ ತಿಂಗಳುಗಟ್ಟಲೆ ಮಾತು, ಕುಣಿತ, ತಾಳ ಕಲಿಯುತ್ತಾನೆ. ವೇಷ ಕಳಚಿದ ಮೇಲೂ ಆ ಕಲಿಕೆ ಅವನಲ್ಲಿ ಉಳಿಯುತ್ತದೆ.

ಮೊಬೈಲಿನ ಅಗ್ಗದ ಮಾದರಿಗಳಲ್ಲಿ ಉಳಿದಿರುವುದು ವೇಷ ಮಾತ್ರ. ಅಲ್ಲಿ ಆಯ್ಕೆಯಿಲ್ಲ, ಕೌಶಲವಿಲ್ಲ. ಅಂಕಿಗಳು ಏರುತ್ತ ಹೋಗುತ್ತವೆ, ಅಷ್ಟೆ. ವೀರನ ‘ಶಕ್ತಿ’ ತೀರಿದರೆ ಕೆಲವು ತಾಸು ಕಾಯಬೇಕು, ಇಲ್ಲವೇ ಹಣ ತೆರಬೇಕು. ಒಂದು ದಿನ ತಪ್ಪಿಸಿದರೆ ಬಹುಮಾನ ಕೈತಪ್ಪುತ್ತದೆ. ಅಪರೂಪದ ವೀರ ಬೇಕಾದರೆ ಲಾಟರಿಯಂತೆ ಚೀಟಿ ಎತ್ತಬೇಕು. ಜಪಾನಿನ ಆಟಿಕೆ ಯಂತ್ರಗಳ ಹೆಸರಿನಿಂದ ಇದನ್ನು ‘ಗಾಚಾ’ ಎನ್ನುತ್ತಾರೆ. ಬಹುಪಾಲು ಜನ ಕಾಸು ಕೊಡದೆ ಆಡುತ್ತಾರೆ; ದುಡ್ಡು ಸುರಿಯುವ ಕೆಲವರಿಂದ ಕಂಪನಿ ನಡೆಯುತ್ತದೆ. ಉಳಿದವರು ಆ ಕೆಲವರ ಮೆರವಣಿಗೆಗೆ ಬೇಕಾದ ಜನಸಂದಣಿ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಮೊದಲ ಪಾಠ, ಪುಕ್ಕಟೆಯದೆಂಬುದಕ್ಕೂ ಬೆಲೆಯಿದೆ ಎಂಬುದು. ಹುಡುಗನ ಮೊಬೈಲನ್ನೇ ತೆರೆದು ಲೆಕ್ಕ ಹಾಕಿದೆವು: ದಿನಕ್ಕೆ ಸರಾಸರಿ ಒಂದೂವರೆ ತಾಸು. ವರ್ಷಕ್ಕೆ 547 ತಾಸು, ಅಂದರೆ ಎಂಟು ತಾಸಿನ 68 ಕೆಲಸದ ದಿನಗಳು. ಅವನಿಗೂ ಆಶ್ಚರ್ಯವಾಯಿತು. ಆದರೂ, ‘ಎರಡು ವರ್ಷ ಕಟ್ಟೀನ್ರಿ, ಈಗ ಹ್ಯಾಂಗ ಬಿಡೂದು?’ ಎಂದ. ಮುಳುಗಿದ ಬಂಡವಾಳದ ಮೋಹ ಎಂದರೆ ಇದೇ. ನಷ್ಟದ ಕಾರ್ಖಾನೆಗೆ ಮತ್ತೆ ಮತ್ತೆ ಅನುದಾನ ಕೊಡುವ ಸರ್ಕಾರದ ತರ್ಕವೂ ಇದಕ್ಕಿಂತ ಭಿನ್ನವಲ್ಲ. ಇಲ್ಲಿ ಕಟ್ಟಿದ ಕೋಟೆಯಾದರೂ ಅವನದೇ? 2018ರಲ್ಲಿ ನಿಂಟೆಂಡೊ ಹೊರತಂದ ‘ಡ್ರಗಾಲಿಯಾ ಲಾಸ್ಟ್’ 2022ರ ನವೆಂಬರ್‌ನಲ್ಲಿ ಮುಚ್ಚಿತು. ಆಟಗಾರರು ಕೂಡಿಟ್ಟ ವೀರರೆಲ್ಲ ಅದರೊಂದಿಗೇ ಹೋದರು.

ಹಾಗೆಂದು ವಿರಾಮದ ಪ್ರತಿ ಗಳಿಗೆಯೂ ಉಪಯುಕ್ತವಾಗಿರಬೇಕು ಎಂಬ ವಾದ ನನ್ನದಲ್ಲ. ನಾನೂ ಇಸ್ಪೀಟು ಆಡಿದವನೇ, ಪತ್ತೇದಾರಿ ಕಾದಂಬರಿ ಓದುತ್ತ ರಾತ್ರಿ ಕಳೆದವನೇ. ಬಸ್ಸಿಗೆ ಕಾಯುವ ಹತ್ತು ನಿಮಿಷ ಯಾರದೂ ಆಸ್ತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆಟದ ಗೀಳನ್ನು ರೋಗಪಟ್ಟಿಗೆ ಸೇರಿಸಿತಾದರೂ, ಆಡುವವರೆಲ್ಲ ರೋಗಿಗಳಲ್ಲ. ಇಲ್ಲಿನ ದೂರು ವಿರಾಮದ ಮೇಲಲ್ಲ, ವಿರಾಮವನ್ನು ದಿನಗೂಲಿಯಾಗಿಸುವ ಏರ್ಪಾಡಿನ ಮೇಲೆ.

ನಮ್ಮ ಕಾನೂನಿಗೆ ಕಾಣುವುದು ಪಣದ ಹಣ ಮಾತ್ರ. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯ ಗುರಿಯೂ ಹಣ ಗೆಲ್ಲುವ ನಿರೀಕ್ಷೆಯಿಂದ ಆಡುವ ಆಟಗಳೇ. ಗೆಲುವೇ ಇಲ್ಲದೆ ಬರೀ ಕಳೆದುಕೊಳ್ಳುವ ಗಾಚಾದತ್ತ ಅದರ ದೃಷ್ಟಿ ನೆಟ್ಟಿಲ್ಲ. ಜಪಾನ್ 2012ರಲ್ಲೇ ಗಾಚಾದ ಒಂದು ಬಗೆಯನ್ನು ತಡೆಯಿತು. ಹಣ ತೆತ್ತು ತೆರೆಯುವ ಅದೃಷ್ಟ ಪೆಟ್ಟಿಗೆಗಳು ಜೂಜೇ ಎಂದು ಬೆಲ್ಜಿಯಂನ ನಿಯಂತ್ರಕರು 2018ರಲ್ಲಿ ಹೇಳಿದರು. ‘ಗೆನ್‌ಶಿನ್ ಇಂಪ್ಯಾಕ್ಟ್’ ಆಟದ ಕಂಪನಿ 2025ರಲ್ಲಿ ಅಮೆರಿಕದಲ್ಲಿ 2 ಕೋಟಿ ಡಾಲರ್ ತೆರಲು ಒಪ್ಪಿತು. ಚೀಟಿ ಎತ್ತಿದರೆ ಗೆಲ್ಲುವ ಸಾಧ್ಯತೆ ಎಷ್ಟೆಂದು ಮೊದಲೇ ತಿಳಿಸಬೇಕು, ಅಪ್ರಾಪ್ತರ ಖರೀದಿಗೆ ಹೆತ್ತವರ ಒಪ್ಪಿಗೆ ಬೇಕು ಎಂಬ ನಿಯಮಗಳನ್ನಾದರೂ ನಾವು ತರಬಹುದು. ಆದರೆ ಕಾಲದ ಲೆಕ್ಕವನ್ನು ಯಾವ ಕಾಯ್ದೆಯೂ ಇಡಲಾರದು.

ಹುಡುಗನ ಕೊನೆಯ ಪ್ರಶ್ನೆಗೆ ಮಾತ್ರ ನನ್ನಲ್ಲಿ ಪೂರ್ಣ ಉತ್ತರವಿರಲಿಲ್ಲ: ‘ಇದನ್ನ ಬಿಟ್ಟು ಸಂಜಿಮುಂದ ಏನ್ ಮಾಡ್ಲಿ?’ ಬದಲಿ ಅವಕಾಶವೇ ಇಲ್ಲದವನಿಗೆ ಕಾಲದ ಬೆಲೆಯೂ ಕಡಿಮೆ. ಪರೀಕ್ಷೆ ಮುಂದೂಡಿ, ಫಲಿತಾಂಶ ತಡಮಾಡಿ, ಯುವಕರನ್ನು ವರ್ಷಗಟ್ಟಲೆ ಕಾಯಿಸುವ ವ್ಯವಸ್ಥೆಯ ಭಾಗವಾಗಿದ್ದ ನಾನು ಅವನೊಬ್ಬನನ್ನೇ ದೂರಲಾರೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅವುಗಳ ಬಾಗಿಲು ಸಂಜೆಯೂ ತೆರೆದಿದ್ದು, ಪಕ್ಕದಲ್ಲೊಂದು ಆಟದ ಬಯಲು ಸಿಕ್ಕರೆ ಉಪದೇಶಕ್ಕಿಂತ ಹೆಚ್ಚು ಫಲ ದೊರೆತೀತು.

ಅವನಿಗೆ ಒಂದೇ ಪರೀಕ್ಷೆ ಸೂಚಿಸಿ ಬಂದೆ. ಹದಿನೈದು ದಿನ ಹಾಜರಿ ತಪ್ಪಿಸು. ಆಟದ ನೆನಪು ಬಂದರೆ ಮತ್ತೆ ಆಡು; ತಪ್ಪಿಹೋದ ಬಕ್ಷೀಸಿನ ನೆನಪಷ್ಟೇ ಬಂದರೆ, ಅದು ಆಟವಲ್ಲ, ಸಂಬಳವಿಲ್ಲದ ನೌಕರಿ. ರಾಜೀನಾಮೆಗೆ ಯಾರ ಮಂಜೂರಾತಿಯೂ ಬೇಕಿಲ್ಲದ ನೌಕರಿ ಅದೊಂದೇ.