ನಾದಯಂತ್ರವೂ ಅದನ್ನಿರಿಸಿದ ಕೋಣೆಯೂ

ಕಾವೂರಿನಿಂದ ನಮ್ಮ ವಾಚಕರೊಬ್ಬರು ಬರೆದ ಕಾಗದವು ಈ ತಿಂಗಳ ವಿಷಯವನ್ನು ತಾನಾಗಿಯೇ ಒದಗಿಸಿಕೊಟ್ಟಿದೆ. ಈ ಮಹನೀಯರು ತಮ್ಮ ಹಿರಿಯರ ಹಂಚಿನ ಮನೆಯನ್ನು ಬಿಚ್ಚಿಸಿ, ಅದೇ ಹಿತ್ತಿಲಲ್ಲಿ ತಾರಸಿಯ ಮನೆಯೊಂದನ್ನು ಕಟ್ಟಿಸಿದರು. ಅದರ ಮುಂಗೋಣೆಗೆಂದು ಬೆಲೆಬಾಳುವ ಸ್ಪೀಕರುಗಳನ್ನೂ ಆಂಪ್ಲಿಫಾಯರನ್ನೂ ಒಂದು ಒಳ್ಳೆಯ ಕ್ಯಾಸೆಟ್ ಯಂತ್ರವನ್ನೂ ಬಹು ಆಸೆಯಿಂದ ತರಿಸಿದರು. ಮನೆಯಲ್ಲಿ ಎಂಬತ್ತು ದಾಟಿದ ತಂದೆಯವರಿರುವರು. ಅವರು ತಮ್ಮ ಗಟ್ಟಿಮುಟ್ಟಾದ ಕಾಲದಲ್ಲಿ ಊರೂರು ತಿರುಗಿ ತಾಳಮದ್ದಳೆಗಳನ್ನು ಟೇಪಿನಲ್ಲಿ ಹಿಡಿದಿಟ್ಟವರು. ಅಂಥ ಮುನ್ನೂರಕ್ಕೂ ಮಿಕ್ಕಿದ ಕ್ಯಾಸೆಟ್ಟುಗಳು ಮರದ ಪೆಟ್ಟಿಗೆಯಲ್ಲಿ ಉಂಟು. ಹೊಸ ಯಂತ್ರದಲ್ಲಿ ಅವುಗಳನ್ನು ಹಾಕಿದರೆ, ಭಾಗವತರ ಹಾಡುಗಾರಿಕೆಯು ಗುಹೆಯೊಳಗಿಂದ ಬಂದಂತೆಯೂ ಅರ್ಥಧಾರಿಗಳ ಮಾತು ಬಾಯಿಗೆ ಬಟ್ಟೆ ಕಟ್ಟಿಕೊಂಡು ಆಡಿದಂತೆಯೂ ಕೇಳಿಸುತ್ತದೆಯಂತೆ. ವೃದ್ಧರು, “ನನ್ನ ಹಳೆಯ ಪೆಟ್ಟಿಗೆಯೇ ವಾಸಿಯಿತ್ತು, ಮಗಾ” ಎಂದು ಒಂದೇ ಮಾತು ಹೇಳಿ ಸುಮ್ಮನಾಗಿರುವರು. ಅಂಗಡಿಯವನಾದರೋ ಇನ್ನೂ ದೊಡ್ಡ ಆಂಪ್ಲಿಫಾಯರು ಬೇಕೆಂದೂ, ಜೊತೆಗೆ ನಲವತ್ತು ಸಾವಿರ ರೂಪಾಯಿಯ ತಂತಿ ಬೇಕೆಂದೂ ಹೇಳಿರುವನು. ಮನೆಯ ಯಜಮಾನಿತಿಯವರು ಇನ್ನೊಂದು ಬಿಡಿಗಾಸನ್ನೂ ಬಿಚ್ಚಲಾಗದೆಂದಿರುವರು. ಹೀಗಿರುವಲ್ಲಿ ಮಾಡತಕ್ಕದ್ದೇನು?

ನಾವು ನಿಸ್ಸಂಕೋಚವಾಗಿ ಯಜಮಾನಿತಿಯವರ ಪಕ್ಷವನ್ನು ಹಿಡಿಯುವೆವು. ಆದರೆ ಒಂದು ದಪ್ಪ ಪರದೆಗೂ, ಒಂದು ಜಮಖಾನಕ್ಕೂ, ಒಂದು ಸಣ್ಣ ಸ್ಕ್ರೂಡ್ರೈವರಿಗೂ ಅವರು ಅಪ್ಪಣೆ ಕೊಡಬೇಕಾದೀತು. ವೃದ್ಧರ ಮಾತು ಅಕ್ಷರಶಃ ನಿಜವೆಂಬುದನ್ನು ಮುಂದೆ ತೋರಿಸುವೆವು.

ಮೊದಲು ಮನೆಯ ಸಂಗತಿ. ಬಾಸೆಲ್ ಮಿಶನಿನವರು ೧೮೬೦ರ ದಶಕದಲ್ಲಿ ಮಂಗಳೂರಿನಲ್ಲಿ ಹಂಚು ಮಾಡಿಸತೊಡಗಿದ ಮೇಲೆ ನಮ್ಮ ಜಿಲ್ಲೆಯಲ್ಲಿ ಬೆಳೆದುಬಂದ ಮನೆಯ ರೀತಿಯನ್ನು ಎಲ್ಲರೂ ಬಲ್ಲರು: ಮುರಕಲ್ಲಿನ ಗೋಡೆ, ಇಳಿಜಾರು ಮಾಡು, ಹಂಚುಗಳ ಸಂದಿನಿಂದ ಗಾಳಿಯಾಡುವ ಅಟ್ಟ, ಮುಂದುಗಡೆ ತೆರೆದ ಚಾವಡಿ. ಇಂಥ ಮನೆಯೊಳಗೆ ಆಡಿದ ಮಾತು ಒಂದೆರಡು ಸಲ ಗೋಡೆಗೆ ತಾಗಿ, ಮಾಡಿನ ಸಂದಿಯಿಂದಲೂ ಚಾವಡಿಯಿಂದಲೂ ಹೊರಗೆ ಹೋಗಿಬಿಡುತ್ತಿತ್ತು. ತಾರಸಿಯ ಮನೆಯಲ್ಲಿ ಅದಕ್ಕೆ ಹೋಗಲು ದಾರಿಯೇ ಇಲ್ಲ. ಮೇಲೆ ಸಿಮೆಂಟು, ಕೆಳಗೆ ಕನ್ನಡಿಯಂಥ ಟೈಲ್ಸಿನ ನೆಲ, ಸುತ್ತಲೂ ಗಾರೆಯ ನುಣುಪು, ಗಾಜಿನ ಕಿಟಕಿ. ಒಮ್ಮೆ ಹುಟ್ಟಿದ ಶಬ್ದವು ಇವುಗಳ ನಡುವೆ ಚೆಂಡಿನಂತೆ ಪುಟಿಯುತ್ತಲೇ ಇರುವುದು. ಹಿಂದಿನ ಅಕ್ಷರವು ಸಾಯುವುದರೊಳಗೆ ಮುಂದಿನದು ಬಂದು ಅದರ ಮೇಲೆ ಬೀಳುವುದು. ಗುಹೆಯ ಶಬ್ದವೆಂದು ನಮ್ಮ ವಾಚಕರು ಬರೆದುದು ಇದೇ.

ಇದನ್ನು ಲೆಕ್ಕಕ್ಕೆ ತಂದವನು ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ತರುಣ ಉಪಾಧ್ಯಾಯ ವಾಲೆಸ್ ಸಬೈನ್ ಎಂಬವನು. ೧೮೯೫ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸಶಾಲೆಯಲ್ಲಿ ಹೇಳಿದ ಮಾತು ಒಂದೂ ತಿಳಿಯುತ್ತಿರಲಿಲ್ಲ. ಆಡಿದ ಶಬ್ದವು ಐದೂವರೆ ಸೆಕೆಂಡುಗಳವರೆಗೆ ಉಳಿಯುತ್ತಿತ್ತು. ಸಬೈನನು ರಾತ್ರಿಯ ನಿಶ್ಶಬ್ದದಲ್ಲಿ ನೆರೆಯ ನಾಟಕಶಾಲೆಯ ಮೆತ್ತೆಗಳನ್ನು ಹೊರಿಸಿಕೊಂಡು ಬಂದು, ಒಂದೊಂದು ಸಾಲು ಮೆತ್ತೆ ಹೆಚ್ಚಿದಂತೆಲ್ಲ ಒಂದು ಆರ್ಗನ್ ಕೊಳವೆಯ ನಾದವು ಎಷ್ಟು ಹೊತ್ತಿಗೆ ಅಡಗುತ್ತದೆಂದು ಗಡಿಯಾರ ಹಿಡಿದು ನೋಡಿ, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಸ್ವಸ್ಥಾನಕ್ಕೆ ಸೇರಿಸುತ್ತಿದ್ದನು. ಅವನ ಅಳತೆಗೋಲು ನಮ್ಮ ಗೃಹಿಣಿಯರಿಗೆ ಬಹಳ ಹಿಡಿಸೀತು: ತೆರೆದ ಕಿಟಕಿ! ತೆರೆದ ಕಿಟಕಿಗೆ ತಾಗಿದ ಶಬ್ದವು ತಿರುಗಿ ಬರುವುದಿಲ್ಲವಾದುದರಿಂದ, ಒಂದು ಚದರಡಿ ತೆರೆದ ಕಿಟಕಿಯನ್ನು ಒಂದು ಎಂದಿಟ್ಟು, ಉಳಿದ ವಸ್ತುಗಳನ್ನೆಲ್ಲ ಅದರೊಡನೆ ತೂಗಿದನು.

ನಮ್ಮ ವಾಚಕರ ಕೋಣೆ ಉದ್ದ ೧೫, ಅಗಲ ೧೨, ಎತ್ತರ ೧೦ ಅಡಿ. ಎಂದರೆ ೧,೮೦೦ ಘನ ಅಡಿ. ಇದನ್ನು ೦.೦೪೯ರಿಂದ ಗುಣಿಸಿದರೆ ೮೮ ಬರುವುದು. ಗೋಡೆ, ನೆಲ, ಮಾಡು ಎಲ್ಲ ಸೇರಿ ೯೦೦ ಚದರಡಿ. ಬರಿಯ ಕೋಣೆಯಲ್ಲಿ ಅವು ನುಂಗುವುದು ನೂರರಲ್ಲಿ ನಾಲ್ಕು ಪಾಲೆಂದು ಹಿಡಿದರೆ, ೩೬ ಚದರಡಿ ಕಿಟಕಿಗೆ ಸಮವಾಯಿತು. ೮೮ನ್ನು ೩೬ರಿಂದ ಭಾಗಿಸಿರಿ: ಶಬ್ದವು ಅಡಗಲು ಸುಮಾರು ಎರಡೂವರೆ ಸೆಕೆಂಡು. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಈಗ ಎರಡು ಕಿಟಕಿಗಳನ್ನು ನಿಜವಾಗಿಯೇ ತೆರೆಯಿರಿ, ೩೬ ಸಿಕ್ಕಿತು. ಬರಿದಾದ ಗೋಡೆಯೊಂದಕ್ಕೆ ೮೦ ಚದರಡಿಯ ದಪ್ಪ ಪರದೆಯನ್ನು ನೆರಿಗೆ ನೆರಿಗೆಯಾಗಿ ಇಳಿಬಿಟ್ಟರೆ ಸುಮಾರು ೪೦. ಜಮಖಾನವೊಂದು ೧೫. ಪುಸ್ತಕಗಳನ್ನು ಒತ್ತೊತ್ತಾಗಿಡದೆ ಹಿಂದೆ ಮುಂದೆ ಮಾಡಿ ಇರಿಸಿದ ಕಪಾಟು ೧೦. ಮೆತ್ತೆಯ ಆಸನದ ಮೇಲೆ ಕುಳಿತ ನಾಲ್ವರು ಮನುಷ್ಯರು ೨೦. ಮೊದಲಿನ ೩೬ ಕೂಡಿ ೧೫೭ ಆಯಿತು. ೮೮ನ್ನು ಇದರಿಂದ ಭಾಗಿಸಿದರೆ ಅರ್ಧ ಸೆಕೆಂಡಿಗಿಂತ ತುಸುವೇ ಹೆಚ್ಚು. ಮನೆಮಂದಿಯೆಲ್ಲ ಕೂಡಿ ಕುಳಿತು ಕೇಳಿದರೆ ಸಂಗೀತವು ಹೆಚ್ಚು ಸೊಗಸೆಂಬುದಕ್ಕೆ ಹೀಗೆ ಗಣಿತದ ಸಾಕ್ಷಿಯೂ ಉಂಟು.

ಪರದೆ ಜಮಖಾನಗಳು ಮದ್ದಳೆಯ ಗುಂ ಶಬ್ದವನ್ನು ಮಾತ್ರ ಹಿಡಿಯಲಾರವು. ನಮ್ಮ ಕರಾವಳಿಯ ಬೆಚ್ಚಗಿನ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೧,೧೪೫ ಅಡಿ ಓಡುವುದು. ಹದಿನೈದಡಿಯ ಕೋಣೆಯಲ್ಲಿ ಸೆಕೆಂಡಿಗೆ ೩೮ ಸಲ ಕಂಪಿಸುವ ನಾದವೂ, ಹನ್ನೆರಡಡಿಯ ಅಗಲದಲ್ಲಿ ೪೮ ಸಲ ಕಂಪಿಸುವುದೂ ಗೋಡೆಗಳ ನಡುವೆ ಸರಿಯಾಗಿ ಹಿಡಿಸಿ, ಉಯ್ಯಾಲೆಯಂತೆ ತಾವೇ ಬೆಳೆಯುವುವು. ಈ ಉಬ್ಬು ಗೋಡೆಯ ಬಳಿಯಲ್ಲಿಯೂ ಮೂಲೆಯಲ್ಲಿಯೂ ಅತಿಯಾಗಿರುವುದು. ನಮ್ಮವರು ಸ್ಪೀಕರುಗಳನ್ನು ಅಲಂಕಾರಕ್ಕೆಂದು ಎರಡು ಮೂಲೆಗಳಿಗೆ ತುರುಕಿ, ವೃದ್ಧರ ಆರಾಮಕುರ್ಚಿಯನ್ನು ಎದುರುಗೋಡೆಗೆ ಆನಿಸಿಟ್ಟಿರುವರೆಂದು ಕಾಗದದೊಡನೆ ಬಂದ ನಕ್ಷೆಯಿಂದ ಕಾಣುವೆವು. ಇದಕ್ಕಿಂತ ಕೆಟ್ಟ ಎಡೆಯು ಇಡೀ ಕೋಣೆಯಲ್ಲಿ ದೊರೆಯದು. ಸ್ಪೀಕರುಗಳನ್ನು ಹಿಂಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೂ, ಮೂಲೆಯಿಂದ ಒಳಕ್ಕೂ ತರಬೇಕು. ಕುರ್ಚಿಯನ್ನು ಹಿಂದಿನ ಗೋಡೆಯಿಂದ ಐದಾರು ಅಡಿ ಮುಂದಕ್ಕೆ ಎಳೆಯಬೇಕು. ಎರಡು ಸ್ಪೀಕರುಗಳೂ ಕೇಳುವವರ ತಲೆಯೂ ಸರಿಸುಮಾರು ಸಮತ್ರಿಕೋಣವಾಗಲಿ; ಚಿಕ್ಕ ಸ್ವರ ನುಡಿಸುವ ಭಾಗವು ಕುಳಿತವರ ಕಿವಿಯ ಮಟ್ಟದಲ್ಲಿರಲಿ. ಆಮೇಲೆ ಅರ್ಧರ್ಧ ಅಡಿಯಾಗಿ ಸರಿಸುತ್ತ, ಪರಿಚಿತವಾದ ಒಂದೇ ಹಾಡನ್ನು ಮತ್ತೆ ಮತ್ತೆ ಕೇಳಿ ನೋಡತಕ್ಕದ್ದು. ಇದಕ್ಕೆ ಕದ್ರಿ ಗೋಪಾಲನಾಥರ (೧೯೪೯–೨೦೧೯) ಸ್ಯಾಕ್ಸೊಫೋನ್ ವಾದನವನ್ನು ನಾವು ಸೂಚಿಸುವೆವು. ಅದರ ಕೆಳಸ್ಥಾಯಿಯ ಸ್ವರಗಳು ಒಂದೊಂದೂ ಒಂದೇ ತೂಕದಲ್ಲಿ ಕೇಳಿಸಿದರೆ ಕುರ್ಚಿಯ ಸ್ಥಾನವು ಸರಿಯೆಂದು ತಿಳಿಯಿರಿ. ನಡೆದಾಡುವ ದಾರಿಗೆ ಅಡ್ಡವೆಂದು ಮನೆಯಲ್ಲಿ ಗೊಣಗಾಟವು ಎದ್ದೀತು. ಕೇಳುವ ಹೊತ್ತಿಗೆ ಎಳೆದು, ಮತ್ತೆ ಹಿಂದಕ್ಕೆ ಸರಿಸಿಡಲು ನೆಲದ ಮೇಲೆ ಬಣ್ಣದ ಗುರುತು ಹಾಕಿಟ್ಟರಾಯಿತು.

ತಂತಿಯ ವಿಷಯವನ್ನು ಬೇಗನೆ ಮುಗಿಸುವೆವು. ಎರಡೂವರೆ ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ತಂತಿಯು ಐದು ಮೀಟರು ಹೋಗಿ ಬರುವುದಕ್ಕೆ ಒಡ್ಡುವ ತಡೆ ೦.೦೭ ಓಮು, ಸ್ಪೀಕರಿನದು ಎಂಟು ಓಮು. ನೂರರಲ್ಲಿ ಒಂದು ಪಾಲೂ ಅಲ್ಲ. ನಲವತ್ತು ಸಾವಿರವು ಈ ಒಂದು ಪಾಲಿನೊಳಗೆ ಏನನ್ನು ಹುಡುಕೀತೆಂಬುದು ಅಂಗಡಿಯವನಿಗೇ ಗೊತ್ತು. ಆಂಪ್ಲಿಫಾಯರಿನ ಬಲವನ್ನು ಇಮ್ಮಡಿಸಿದರೆ ಶಬ್ದವು ಇಮ್ಮಡಿಸುವುದೆಂಬುದು ಸಹ ಭ್ರಾಂತಿ. ಕಿವಿಗೆ ಇಮ್ಮಡಿಯಾಗಿ ತೋರಬೇಕಾದರೆ ಬಲವು ಸುಮಾರು ಹತ್ತು ಮಡಿಯಾಗಬೇಕು. ಇರುವ ಐವತ್ತು ವಾಟು ಆ ಕೋಣೆಗೆ ಧಾರಾಳವಾಯಿತು.

ಇನ್ನು ಕ್ಯಾಸೆಟ್ಟುಗಳು. ಇದೇ ನಮ್ಮ ಮನಸ್ಸಿಗೆ ಹತ್ತಿದ ಭಾಗ.

ಕ್ಯಾಸೆಟ್ಟು ೧೯೬೩ರಲ್ಲಿ ಫಿಲಿಪ್ಸ್ ಕಂಪೆನಿಯವರಿಂದ ಹುಟ್ಟಿತು. ಅದರ ಟೇಪು ಸೆಕೆಂಡಿಗೆ ೪.೭೬ ಸೆಂಟಿಮೀಟರು ಮಾತ್ರ ಓಡುವುದು. ಮಾತಿನಲ್ಲಿ ಸಕಾರ ಶಕಾರಗಳ ತೀಕ್ಷ್ಣತೆಯು ಸೆಕೆಂಡಿಗೆ ನಾಲ್ಕು ಸಾವಿರ ಕಂಪನಗಳಿಂದ ಮೇಲಕ್ಕೆ ಇರುವುದಷ್ಟೆ. ಐದು ಸಾವಿರ ಕಂಪನದ ಒಂದು ಅಲೆಯು ಟೇಪಿನ ಮೇಲೆ ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಿರಿದಾದ ಎಡೆಯಲ್ಲಿ ಅಡಗಿರುತ್ತದೆ. ಓದುವ ಹೆಡ್ಡಿನ ಸಂದು ಬರೆದ ಹೆಡ್ಡಿನ ಸಂದಿನಷ್ಟೇ ನೆಟ್ಟಗಿರಬೇಕು. ಒಂದು ಡಿಗ್ರಿಯ ಮೂರನೆಯ ಒಂದಂಶದಷ್ಟು ಓರೆಯಾದರೂ ಒಂದು ಅಂಚು ಅಲೆಯ ಉಬ್ಬನ್ನೂ ಮತ್ತೊಂದು ಅಂಚು ತಗ್ಗನ್ನೂ ಓದಿ, ಎರಡೂ ಒಂದನ್ನೊಂದು ತಿಂದು, ಸಕಾರ ಶಕಾರಗಳು ಹೆಚ್ಚುಕಡಿಮೆ ಅಳಿದುಹೋಗುವುವು. ಬಾಯಿಗೆ ಬಟ್ಟೆ ಕಟ್ಟಿದ ಮಾತು ಇಲ್ಲಿಂದ ಹುಟ್ಟಿತು.

ವೃದ್ಧರ ಹಳೆಯ ಪೆಟ್ಟಿಗೆಯ ಹೆಡ್ಡು ಬಹುಶಃ ಓರೆಯಾಗಿದ್ದಿರಬೇಕು. ಅದೇ ಪೆಟ್ಟಿಗೆಯಿಂದ ಹಿಡಿದ ಟೇಪು ಅದರಲ್ಲಿಯೇ ಓಡಿದಾಗ ಓರೆಗೆ ಓರೆ ಕೂಡಿ ಮಾತು ಸ್ಫುಟವಾಗಿ ಬರುತ್ತಿತ್ತು. ಹೊಸ ಯಂತ್ರವು ನೆಟ್ಟಗಿರುವುದೇ ಈ ಟೇಪುಗಳ ಪಾಲಿಗೆ ತಪ್ಪಾಯಿತು. ಅಲ್ಲದೆ ಆ ಪುಟ್ಟ ಪೆಟ್ಟಿಗೆಗೆ ಗುಂ ಎನ್ನುವ ಶಕ್ತಿಯೇ ಇರಲಿಲ್ಲವಾಗಿ ಕೋಣೆಯು ಕೆರಳುತ್ತಿರಲಿಲ್ಲ. ‘ಹಳೆಯ ಪೆಟ್ಟಿಗೆಯೇ ವಾಸಿ’ ಎಂಬುದು ಮುಪ್ಪಿನ ಹಟವಲ್ಲ, ಕಿವಿಯಿದ್ದವರ ತೀರ್ಪು.

ಉಪಾಯವು ಸುಲಭ. ಹೆಡ್ಡಿನ ಪಕ್ಕದಲ್ಲಿ ಸಣ್ಣ ಸ್ಪ್ರಿಂಗಿನ ಮೇಲೆ ಕುಳಿತ ಸ್ಕ್ರೂ ಒಂದಿರುವುದು; ಹಲವು ಯಂತ್ರಗಳಲ್ಲಿ ಅದಕ್ಕೆ ಬಣ್ಣದ ಬೊಟ್ಟು ಇಟ್ಟಿರುತ್ತಾರೆ. ಮೊದಲು ಹೆಡ್ಡನ್ನೂ ರಬ್ಬರು ಚಕ್ರವನ್ನೂ ಶುದ್ಧವಾದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿರಿ. ಆಂಪ್ಲಿಫಾಯರಿನಲ್ಲಿ ಎಡಬಲ ಎರಡನ್ನೂ ಒಂದುಗೂಡಿಸುವ ಮೋನೋ ಗುಂಡಿಯನ್ನು ಒತ್ತಿ, ಟೇಪು ಓಡುತ್ತಿರುವಾಗ ಆ ಸ್ಕ್ರೂವನ್ನು ಕೂದಲೆಳೆಯಷ್ಟೇ ಅತ್ತಿತ್ತ ತಿರುಗಿಸಬೇಕು. ಒಂದು ಕಡೆಯಲ್ಲಿ ತಟಕ್ಕನೆ ಚಕ್ರತಾಳದ ಠಣತ್ಕಾರವೂ ಮಾತಿನ ಮೊನೆಯೂ ತೆರೆದುಕೊಳ್ಳುವುದು, ಅಲ್ಲಿ ನಿಲ್ಲಿಸಿರಿ. ಮೊದಲಿದ್ದ ಎಡೆಯನ್ನು ಗುರುತಿಟ್ಟುಕೊಳ್ಳಲು ಮರೆಯಬಾರದು. ಕೈ ನಡುಗುವವರೂ ಅವಸರದವರೂ ಇದನ್ನು ತಿಳಿದ ರಿಪೇರಿಯವರಿಂದ ಮಾಡಿಸಲಿ. ಬೇರೆ ಪೆಟ್ಟಿಗೆಯಲ್ಲಿ ಹಿಡಿದ ಟೇಪಿಗೆ ಮತ್ತೊಮ್ಮೆ ತಿರುಗಿಸಬೇಕಾಗುವುದು.

ಹೀಗೆ ಸರಿಹೊಂದಿದ ಕೂಡಲೆ ಕೇಳಿ ಆನಂದಿಸಿ ಸುಮ್ಮನಾಗದೆ, ಅದೇ ಓಟದಲ್ಲಿ ಕಂಪ್ಯೂಟರಿಗೆ ನಕಲಿಳಿಸಿಕೊಳ್ಳಿರಿ. ಸೆಕೆಂಡಿಗೆ ೪೮,೦೦೦ ಮಾದರಿ, ೨೪ ಬಿಟ್ಟಿನ ಲೆಕ್ಕದಲ್ಲಿ ಒಂದು ಗಂಟೆಗೆ ಸುಮಾರು ಒಂದು ಗಿಗಾಬೈಟು ಸ್ಥಳ ಬೇಕು. ಮುನ್ನೂರು ಕ್ಯಾಸೆಟ್ಟುಗಳು ಅಂಗೈಯಗಲದ ಡಿಸ್ಕಿನಲ್ಲಿ ಹಿಡಿಯುವುವು. ಎರಡು ಪ್ರತಿ ಮನೆಯಲ್ಲಿರಲಿ, ಒಂದು ಪರಊರಿನ ಬಂಧುಗಳಲ್ಲಿರಲಿ. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ಆ ಹೊತ್ತಿಗೆ ಆ ವೇದಿಕೆಯಲ್ಲಿ ಹೇಳಿದ ಅರ್ಥವನ್ನು ಇನ್ನೊಮ್ಮೆ ಹೇಳಿಸಲು ಯಾರಿಂದಾದೀತು? ಬಲಿಪ ನಾರಾಯಣ ಭಾಗವತರೂ ೨೦೨೩ರಲ್ಲಿ ತೀರಿಕೊಂಡರು. ಬರೆದಿಟ್ಟ ಮಾತಿಲ್ಲದ ಈ ಕಲೆಯಲ್ಲಿ ಇಂಥ ಮರದ ಪೆಟ್ಟಿಗೆಗಳೇ ಗ್ರಂಥಭಂಡಾರಗಳು.

ಅವಸರಕ್ಕೆ ಕಾರಣವು ನಮ್ಮ ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಂಗಳೂರಿನ ಗಾಳಿಯಲ್ಲಿರುವ ತೇವವು ಟೇಪಿನ ಮೇಲೆ ಬಿಳಿಯ ಬೂಷ್ಟನ್ನು ಎಬ್ಬಿಸುವುದು, ಯಂತ್ರದೊಳಗಿನ ರಬ್ಬರು ಪಟ್ಟಿಯು ಹಳತಾದರೆ ಡಾಮರಿನಂತೆ ಕರಗುವುದು, ಸ್ಪೀಕರಿನ ಸುತ್ತಣ ಸ್ಪಂಜಿನ ಅಂಚು ಹತ್ತು ಹದಿನೈದು ವರ್ಷಗಳಲ್ಲಿ ಪುಡಿಯಾಗುವುದು. (ಸ್ಪೀಕರು ಕೊಳ್ಳುವವರು ಸ್ಪಂಜಿನಂಚಿನದನ್ನು ಬಿಟ್ಟು ರಬ್ಬರಿನಂಚಿನದನ್ನೇ ಆರಿಸತಕ್ಕದ್ದು.) ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಎಂದಿಗೂ ಹಾಗೆಯೇ ಓಡಿಸಬಾರದು, ಹೆಡ್ಡಿನ ಮೂಲಕ ಅದು ಮಿಕ್ಕವಕ್ಕೂ ಹರಡುವುದು. ಅಂಥವನ್ನು ಬೇರೆಯಿಟ್ಟು, ಒಣಹವೆಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಜಗಲಿಯಲ್ಲಿ ಶುಚಿ ಮಾಡಬೇಕು. ಉಳಿದವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿಮುಚ್ಚಳದ ಡಬ್ಬಿಗಳಲ್ಲಿರಿಸಿರಿ. ಆಂಪ್ಲಿಫಾಯರನ್ನು ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಉರಿಸಿದರೆ ಅದರ ಬಿಸಿಯೇ ತೇವವನ್ನು ಓಡಿಸುವುದು. ಏಪ್ರಿಲ್ ಮೇ ತಿಂಗಳ ಗುಡುಗಿಗೂ, ಅಕ್ಟೋಬರಿನ ಗುಡುಗಿಗೂ ಮೊದಲೇ ಪ್ಲಗ್ಗನ್ನು ಕಿತ್ತುಹಾಕಿರಿ. ಸ್ವಿಚ್ಚು ಆರಿಸಿದರೆ ಸಾಲದು.

ಯಾವುದರಿಂದ ಆರಂಭಿಸುವುದೆಂದು ನಮ್ಮ ವಾಚಕರು ಕೇಳಿರುವರು. ಹೆಸರು ಬರೆಯದ ಕ್ಯಾಸೆಟ್ಟುಗಳಿಂದ ಆರಂಭಿಸಬೇಕೆಂದು ನಮ್ಮ ಸಲಹೆ. ಪ್ರಸಂಗ ಯಾವುದು, ಯಾವ ಊರಿನ ಯಾವ ಅಂಗಳ, ಭಾಗವತರು ಯಾರು, ಎದುರು ಪಾತ್ರ ಯಾರದೆಂಬುದನ್ನು ಧ್ವನಿ ಕೇಳಿಯೇ ಹೇಳಬಲ್ಲವರು ಆ ಮನೆಯಲ್ಲಿ ಒಬ್ಬರೇ ಇರುವರು. ಮಗನು ಸ್ಕ್ರೂ ಹಿಡಿಯಲಿ, ಸೊಸೆಯು ಕಾಗದ ಲೇಖನಿ ಹಿಡಿಯಲಿ, ತಂದೆಯವರು ಎಳೆದ ಕುರ್ಚಿಯಲ್ಲಿ ಕುಳಿತು ಹೇಳುತ್ತ ಹೋಗಲಿ. ದಿನಕ್ಕೆರಡರಂತೆ ಹಿಡಿದರೆ ಐದು ತಿಂಗಳ ಕೆಲಸ. ಜನವರಿಯಲ್ಲಿ ತೊಡಗಿದರೆ ಮಳೆ ಹಿಡಿಯುವುದರೊಳಗೆ ಮುಗಿದೀತು.