ಗಂಧದ ಮರವೂ ಪರದೇಶದ ಪೇಟೆಯೂ

ನಮ್ಮ ವರ್ತಕರು ಪರದೇಶದ ಪೇಟೆಗಳನ್ನು ಪ್ರವೇಶಿಸಬೇಕೆಂಬ ಮಾತು ಈಗ ಎಲ್ಲ ಸಭೆಗಳಲ್ಲಿಯೂ ಕೇಳಿಬರುತ್ತಿದೆ. ಮಾತು ಒಳ್ಳೆಯದೇ. ಆದರೆ ಯಾವ ಸರಕನ್ನು, ಯಾವ ರೂಪದಲ್ಲಿ, ಯಾರ ಹೆಸರಿನಿಂದ ಒಯ್ಯತಕ್ಕದ್ದೆಂಬ ವಿಚಾರವಿಲ್ಲದೆ ಬರಿಯ ಉತ್ಸಾಹವನ್ನು ಹಡಗಿಗೇರಿಸಿದರೆ ಫಲವೇನು? ಈ ವಿಷಯದಲ್ಲಿ ನಮಗೆ ಬುದ್ಧಿ ಹೇಳಲು ಹೊರಗಿನ ಪಂಡಿತರು ಬೇಕಾಗಿಲ್ಲ. ಮೈಸೂರಿನ ಶ್ರೀಗಂಧದ ಚರಿತ್ರೆಯೊಂದೇ ಸಾಕು.

1914ಕ್ಕೆ ಮುಂಚೆ ಸಂಸ್ಥಾನದ ಗಂಧವು ಕೊರಡಾಗಿಯೇ ಹರಾಜಾಗಿ, ಬಹುಭಾಗ ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಹೋಗುತ್ತಿತ್ತು. ಎಣ್ಣೆಯನ್ನು ಭಟ್ಟಿಯಿಳಿಸುವ ವಿದ್ಯೆಯೂ ಅವರದು, ಲಾಭವೂ ಅವರದು. ಕಾಡು ಕಾಯುವ ಕೆಲಸ ಮಾತ್ರ ನಮ್ಮದು. ಆ ವರ್ಷ ಮಹಾಯುದ್ಧವುಂಟಾಗಿ ಸಮುದ್ರಮಾರ್ಗ ಮುಚ್ಚಲಾಗಿ, ಮರವು ಕೊಳ್ಳುವವರಿಲ್ಲದೆ ಉಳಿಯಿತು. ಒಂದೇ ಬಾಗಿಲನ್ನು ನಂಬಿದ ವ್ಯಾಪಾರಕ್ಕೆ ಆಗತಕ್ಕ ಗತಿ ಅದೇ.

ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಆಲ್‌ಫ್ರೆಡ್ ಚಾಟರ್ಟನ್ ಸಾಹೇಬರ ಮುಂದಾಳುತನದಲ್ಲಿ, ಬೆಂಗಳೂರಿನ ವಿಜ್ಞಾನ ಮಂದಿರದ ಸಡ್‌ಬರೋ, ವಾಟ್ಸನ್ ಎಂಬ ವಿದ್ವಾಂಸರ ಪ್ರಯೋಗಗಳನ್ನು ಆಧರಿಸಿ, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. 1918ರಲ್ಲಿ ಸಾಬೂನಿನ ಕಾರ್ಖಾನೆಯೂ ತಲೆಯೆತ್ತಿತು. ಸಾಬೂನಿನ ವಿದ್ಯೆಯನ್ನು ಕಲಿತು ಬರಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. ಮೊದಲು ವಿದ್ಯೆ, ಅನಂತರ ಯಂತ್ರ, ಆ ಮೇಲೆ ಪೇಟೆ: ಈ ಕ್ರಮವನ್ನು ನಮ್ಮ ಉದ್ಯಮಿಗಳು ಗಮನಿಸಬೇಕು.

ಎರಡನೆಯ ಪಾಠ ಗುಣದ್ದು. ಪರದೇಶದ ಗಿರಾಕಿಗೆ ನಮ್ಮ ಪುರಾತನ ಕೀರ್ತಿಯಿಂದ ಆಗಬೇಕಾದ್ದೇನೂ ಇಲ್ಲ. ಎಣ್ಣೆಯಲ್ಲಿ ಸ್ಯಾಂಟಲಾಲ್ ಎಂಬ ಸತ್ವವು ನೂರಕ್ಕೆ 90 ಭಾಗಕ್ಕೆ ಕಡಿಮೆಯಿರಬಾರದೆಂದು ಅಳತೆಯುಂಟು. ಪ್ರತಿಯೊಂದು ಪೀಪಾಯಿಯೂ ಆ ಪರೀಕ್ಷೆಯಲ್ಲಿ ಗೆಲ್ಲಬೇಕು. ಮೊದಲನೆಯ ಮಾದರಿಗೆ ಚೊಕ್ಕ ಮಾಲು, ಎರಡನೆಯ ರವಾನೆಗೆ ಕಲಬೆರಕೆ ಎಂಬ ಜಾಣತನವು ಒಬ್ಬ ವರ್ತಕನನ್ನಲ್ಲ, ಇಡೀ ದೇಶವನ್ನೇ ಕೆಡಿಸುತ್ತದೆ.

ಮೂರನೆಯದು ಹೆಸರಿನ ರಕ್ಷಣೆ. 1999ರ ಭೌಗೋಳಿಕ ಸೂಚಕಗಳ ಶಾಸನದ ಮೇರೆಗೆ ಮೈಸೂರು ಗಂಧದೆಣ್ಣೆಗೂ ಸಾಬೂನಿಗೂ ರಕ್ಷಣೆ ದೊರೆತಿದೆ. ಆದರೆ ಆ ಶಾಸನದ ಕೈ ಭಾರತದ ಎಲ್ಲೆಯನ್ನು ದಾಟುವುದಿಲ್ಲ. ಮಾರಬೇಕಾದ ದೇಶದ ಕಾನೂನಿನ ಮೇರೆಗೆ ಅಲ್ಲಿಯೇ ಹೆಸರನ್ನು ದಾಖಲು ಮಾಡಿಸದವನು ಬೀಗವಿಲ್ಲದೆ ಅಂಗಡಿ ತೆರೆದವನಂತೆ.

ಇಷ್ಟೆಲ್ಲ ಇದ್ದೂ ಸರಕೇ ಇಲ್ಲದಿದ್ದರೆ? ನಮ್ಮ ನಿಜವಾದ ವ್ಯಥೆ ಇಲ್ಲಿದೆ. ಬಹುಕಾಲ ಗಂಧವು ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ ಸೊತ್ತಾಗಿತ್ತು. ಆದುದರಿಂದ ರೈತನಿಗೆ ಅದು ಭಾಗ್ಯವಾಗದೆ ಭಯವಾಯಿತು. ಕಳ್ಳರು ಕಡಿದರು, ರೋಗ ತಿಂದಿತು, ಕಾಡು ಬರಿದಾಯಿತು. 2001ರ ತಿದ್ದುಪಡಿಯಿಂದ ಭೂಮಿಯ ಒಡೆಯನಿಗೇ ಮರದ ಒಡೆತನ ಬಂದಿತಾದರೂ, ಚೇಗು ಬಲಿಯಲು ಹದಿನೈದು ಇಪ್ಪತ್ತು ವರ್ಷಗಳಾದರೂ ಬೇಕು. ಈ ಮಧ್ಯೆ ಪಶ್ಚಿಮ ಆಸ್ಟ್ರೇಲಿಯದವರು ನಮ್ಮ ಜಾತಿಯ ಗಂಧವನ್ನೇ ತೋಪುಗಳಾಗಿ ಬೆಳೆಸಿ ಲೋಕದ ಪೇಟೆಗೆ ಎಣ್ಣೆಯನ್ನು ಕಳುಹಿಸುತ್ತಿದ್ದಾರೆ. ಅವರನ್ನು ದೂಷಿಸಿ ಪ್ರಯೋಜನವಿಲ್ಲ. ನೆಟ್ಟವನು ಕೊಯ್ಯುತ್ತಾನೆ.

ಕಾಫಿಯ ಮಾತೂ ಇದಕ್ಕೆ ದೂರವಲ್ಲ. ಭಾರತದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಕರ್ನಾಟಕದ್ದು. ಆದರೂ ಅದರಲ್ಲಿ ಬಹಳಷ್ಟು ಹಸಿರು ಬೀಜವಾಗಿಯೇ ಹೋಗಿ, ಪರರ ಡಬ್ಬಿಯಲ್ಲಿ ಪರರ ಹೆಸರನ್ನು ಧರಿಸುತ್ತದೆ. 1914ರ ಕೊರಡಿಗೂ ಇಂದಿನ ಬೀಜಕ್ಕೂ ಹೆಚ್ಚಿನ ಭೇದವನ್ನು ನಾವು ಕಾಣೆವು.

ಆದುದರಿಂದ ಸರ್ಕಾರದವರು ಗಂಧ ಬೆಳೆಯುವವನಿಗೆ ಕಳ್ಳರಿಂದ ರಕ್ಷಣೆಯನ್ನೂ ಕಚೇರಿಗಳ ಅಲೆದಾಟದಿಂದ ಬಿಡುಗಡೆಯನ್ನೂ ಕೊಡಲಿ. ಧನಿಕರು ಕಚ್ಚಾ ಮಾಲಿನ ದಲ್ಲಾಳಿತನವನ್ನು ಬಿಟ್ಟು ಪಕ್ಕಾ ಮಾಲಿಗೆ ಬಂಡವಾಳ ಹೂಡಲಿ. ಪರದೇಶದ ಪೇಟೆಯ ಹೆಬ್ಬಾಗಿಲು ಬಂದರಿನಲ್ಲಿಲ್ಲ. ನಮ್ಮ ಹೊಲದಲ್ಲಿ, ಪ್ರಯೋಗಶಾಲೆಯಲ್ಲಿ, ತಕ್ಕಡಿಯ ಪ್ರಾಮಾಣಿಕತೆಯಲ್ಲಿ ಇದೆ.