ದಡ ಬಿಟ್ಟು ನೀರಿಗಿಳಿಯುವ ಮುಂಚೆ

ಮಳೆ ಚೆನ್ನಾಗಿ ಬಂದ ವರ್ಷ ಮಂಡ್ಯ ಜಿಲ್ಲೆಯ ಚಂದವೇ ಬೇರೆ. ಕೆ.ಆರ್.ಎಸ್. 124.80 ಅಡಿ ಮುಟ್ಟಿ, ವಿಶ್ವೇಶ್ವರಯ್ಯ ನಾಲೆ ತುಂಬಿ ಹರಿದು, ಮದ್ದೂರು ಮಳವಳ್ಳಿ ಕಡೆಯ ಕೆರೆಗಳು ಕೋಡಿ ಬಿದ್ದವೆಂದರೆ ನಮ್ಮ ಹುಡುಗರ ಕೈಗೆ ಗಾಳ ಬರುತ್ತದೆ. ಭಾನುವಾರ ಸುಬಹಿ ನಮಾಜ್ ಮುಗಿದದ್ದೇ ತಡ, ಒಂದು ಬೈಕಿನಲ್ಲಿ ಮೂವರು, ಎರೆಹುಳದ ಡಬ್ಬಿ, ಮೈದಾ ಹಿಟ್ಟಿನ ಉಂಡೆ, ಹೊರಟೇ ಬಿಟ್ಟರು. ಇದರಲ್ಲಿ ತಪ್ಪು ಹುಡುಕುವ ಮನಸ್ಸು ನಮಗಿಲ್ಲ. ಹೋಟೆಲ್, ಬೇಕರಿ, ಚಪ್ಪಲಿ ಅಂಗಡಿ ಅಂತ ಕಡಲ ಕರೆಯ ಊರುಗಳನ್ನು ಬಿಟ್ಟು ಬಂದು ಇಲ್ಲಿ ನೆಲೆಸಿದ ಬ್ಯಾರಿ ಮನೆಗಳಲ್ಲಿ ಮೀನಿಲ್ಲದ ಊಟ ಊಟವೇ ಅಲ್ಲ. ಮಂಜುಗಡ್ಡೆಯಲ್ಲಿ ರಾತ್ರಿಯಿಡೀ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿ ತಿಂದು ಬೇಸರ ಬಂದವರಿಗೆ ಕಣ್ಣೆದುರು ಬಡಿದಾಡುವ ಮೀನಿನ ಆಸೆ ಬೇರೆಯೇ. ಮೊಬೈಲು ಹಿಡಿದು ಮೂಲೆ ಸೇರುವುದಕ್ಕಿಂತ ಕೆರೆ ಏರಿಯ ಮೇಲೆ ಕೂತು ತಾಳ್ಮೆ ಕಲಿಯುವುದು ಎಷ್ಟೋ ಮೇಲು.

ಈಗ ನಾವು ಹೇಳಬೇಕಾದ ವಿಷಯ ದಡದ್ದಲ್ಲ, ದಡ ಬಿಟ್ಟ ಮೇಲಿನದ್ದು. ದಡದಲ್ಲಿ ಕೂತವನಿಗೆ ಸಿಗುವುದು ಜಿಲೇಬಿ ಮೀನು, ಅದೃಷ್ಟ ಇದ್ದರೆ ಒಂದು ಕೊರವ. ದೊಡ್ಡ ಕಾಟ್ಲಾ, ರೋಹು ನಡುನೀರಿನಲ್ಲಿ ಮೇಲೆದ್ದು ಬಾಲ ಬಡಿದು ಹೋಗುತ್ತವೆ. ಅದನ್ನು ನಾಲ್ಕು ಭಾನುವಾರ ನೋಡಿದ ಹುಡುಗ ಐದನೇ ಭಾನುವಾರ ದೋಣಿ ಹುಡುಕುತ್ತಾನೆ. ದೋಣಿಗೆ ದುಡ್ಡಿಲ್ಲ. ಆಗ ಟ್ರ್ಯಾಕ್ಟರಿನ ಹಳೇ ಟ್ಯೂಬ್ ಬರುತ್ತದೆ, ಮೀನಿನ ಪೆಟ್ಟಿಗೆಯ ಥರ್ಮಾಕೋಲ್ ಬರುತ್ತದೆ, ನೀಲಿ ಡ್ರಮ್ಮುಗಳನ್ನು ಹಗ್ಗದಲ್ಲಿ ಬಿಗಿದ ಹಲಗೆ ಬರುತ್ತದೆ. ಕೈಯಲ್ಲಿ ಸ್ವಲ್ಪ ಕಾಸಿದ್ದವರು ಆನ್‌ಲೈನಿನಲ್ಲಿ ಗಾಳಿ ತುಂಬುವ ಪ್ಲಾಸ್ಟಿಕ್ ದೋಣಿ ತರಿಸುತ್ತಾರೆ. ಪೆಟ್ಟಿಗೆಯ ಮೇಲೆ ನಗುವ ಮಕ್ಕಳ ಚಿತ್ರ ಇರುತ್ತದೆ. ಅದು ಈಜುಕೊಳದ ಆಟದ ಸಾಮಾನು ಮಾರಾಯರೇ, ನಮ್ಮ ಕೆರೆಗೆ ಮಾಡಿದ್ದಲ್ಲ.

ನಮ್ಮ ಕೆರೆಗಳೊಳಗೆ ಏನುಂಟು ಅಂತ ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ನೋಡಬೇಕು. ಜಾಲಿ ಮುಳ್ಳಿನ ಗಿಡಗಳು ಇಡಿಯಾಗಿ ಮುಳುಗಿ ಒಣಗಿ ನಿಂತಿರುತ್ತವೆ. ಒಂದು ಮುಳ್ಳು ಸಾಕು ಆ ದೋಣಿಯ ಗಾಳಿ ತೆಗೆಯಲು. ಅಲ್ಲಲ್ಲಿ ಮಣ್ಣು ತೆಗೆದ ಗುಂಡಿಗಳು. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವನ ಕಾಲ ಕೆಳಗೆ ಮುಂದಿನ ಹೆಜ್ಜೆಯಲ್ಲಿ ನೆಲವೇ ಇರುವುದಿಲ್ಲ. ಉಳಿದ ಕಡೆ ಹೂಳು. ಹೂಳಿನಲ್ಲಿ ಸಿಕ್ಕಿದ ಕಾಲನ್ನು ಎಳೆದಷ್ಟೂ ಇನ್ನೊಂದು ಕಾಲು ಇಳಿಯುತ್ತದೆ. ಅದರ ಮೇಲೆ ಅಂತರಗಂಗೆಯ ಹಾಸು, ಯಾರೋ ಬಿಟ್ಟುಹೋದ ಹಳೇ ಬಲೆ. ಇದರಲ್ಲಿ ಈಜು ಬಲ್ಲವನೂ ಕೈಕಾಲು ಸುತ್ತಿಕೊಂಡು ಸೋಲುತ್ತಾನೆ. ಟ್ಯೂಬಿನ ಕಥೆ ಇನ್ನೂ ಕೆಟ್ಟದ್ದು. ಗಾಳಿ ಬೀಸಿದ ಕಡೆಗೆ ಅದು ಹೋಗುತ್ತದೆ, ಕೂತವನು ಹೇಳಿದ ಕಡೆಗಲ್ಲ. ದೊಡ್ಡ ಮೀನು ಎಳೆದಾಗ ಒಂದು ಪಕ್ಕಕ್ಕೆ ವಾಲಿದರೆ ಟ್ಯೂಬ್ ಮಗುಚಿ, ಮನುಷ್ಯ ಕೆಳಗೆ, ಟ್ಯೂಬ್ ಮೇಲೆ.

ಅಗ್ಗದ ದೋಣಿ ಈ ನಾಡಿನಲ್ಲಿ ಇಲ್ಲವೆಂದಲ್ಲ. ಕಾವೇರಿ, ಶಿಂಷಾ ದಡದ ಬೆಸ್ತರ ತೆಪ್ಪ ಇದೆಯಲ್ಲ, ಅದಕ್ಕಿಂತ ಅಗ್ಗದ, ಅದಕ್ಕಿಂತ ಈ ನೀರಿಗೆ ಒಗ್ಗಿದ ದೋಣಿ ಯಾವುದೂ ಇಲ್ಲ. ಬಿದಿರಿನ ಸೀಳುಗಳನ್ನು ಬುಟ್ಟಿಯ ಹಾಗೆ ಹೆಣೆದು, ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಒಬ್ಬನೇ ತಲೆಯ ಮೇಲೆ ಹೊತ್ತುಕೊಂಡು ಹೋಗಬಹುದು. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ಬುಟ್ಟಿ ದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಇನ್ನೊಂದು ಮಾತು ನಮ್ಮವರಿಗೆ ಖುಷಿ ಕೊಟ್ಟೀತು: ಮುಹಿಯುದ್ದೀನ್ ಶೈಖರ ಬಗ್ದಾದಿನಲ್ಲಿ, ದಜ್ಲಾ ನದಿಯಲ್ಲಿ, ಇದೇ ರೀತಿಯ ದುಂಡು ಬುಟ್ಟಿ ದೋಣಿಗಳಿಗೆ ಕುಫ್ಫಾ ಎಂದು ಹೆಸರು. ಅದಕ್ಕೂ ಡಾಂಬರೇ ಬಳಿಯುತ್ತಿದ್ದರು.

ಆದರೆ ತೆಪ್ಪ ಕೊಂಡರೆ ಸಾಲದು, ನಡೆಸಲು ಕಲಿಯಬೇಕು. ಅದಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ಹೊಸಬ ಹುಟ್ಟು ಹಾಕಿದರೆ ಗಿರಗಿರ ಸುತ್ತುತ್ತದೆ, ಮುಂದೆ ಹೋಗುವುದಿಲ್ಲ. ಹುಟ್ಟನ್ನು ಪಕ್ಕದಲ್ಲಿ ಹಾಕದೆ ಎದುರು ಹಾಕಿ, ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಕುಕ್ಕರಗಾಲಿನಲ್ಲಿ ತಗ್ಗಿ ಕೂರಬೇಕು. ಬಲೆ ಎಳೆಯುವಾಗ ಇಬ್ಬರೂ ಒಂದೇ ಪಕ್ಕಕ್ಕೆ ಬಾಗಬಾರದು. ಮಳವಳ್ಳಿ ಕಡೆಯ ಹಿರಿಯ ಬೆಸ್ತರೊಬ್ಬರು ನಮಗೆ ಹೇಳಿದ್ದು ಇಷ್ಟೇ: "ಸಾಬ್ರೇ, ತೆಪ್ಪದಲ್ಲಿ ಕುಂತ್ಕಂಡಿರೋಗಂಟ ಅದು ನಿಮ್ದು. ಎದ್ದು ನಿಂತ್ಕಂಡ್ರೋ, ಅದು ನೀರಿಂದು." ಫೋಟೋ ತೆಗೆಯಲು ಎದ್ದು ನಿಲ್ಲುವ ನಮ್ಮ ಹುಡುಗರು ಈ ಮಾತನ್ನು ಗೋಡೆಗೆ ಅಂಟಿಸಿಕೊಳ್ಳಲಿ. ಮತ್ತೆ ಇಳಿಯುವ ಮೊದಲು ತೆಪ್ಪವನ್ನು ಬೋರಲು ಹಾಕಿ ಡಾಂಬರು ಬಿರುಕು ಬಿಟ್ಟಿದೆಯೇ ನೋಡಬೇಕು, ನೀರು ಎತ್ತಿ ಹಾಕಲು ಒಂದು ಡಬ್ಬಿ ಇರಬೇಕು. ಕಲಿಸಿಕೊಡುವವರು ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ. ಒಂದು ಸಲಾಂ, ಒಂದು ನಮಸ್ಕಾರ, ಒಂದು ಟೀ, ಇಷ್ಟರಲ್ಲಿ ಆಗುವ ಕೆಲಸ ಅದು. ನೆರೆಹೊರೆಯ ಸಂಬಂಧಕ್ಕೂ ಒಳ್ಳೆಯದು.

ಲೈಫ್ ಜಾಕೆಟ್ ವಿಷಯ ಎತ್ತಿದರೆ ನಗುತ್ತಾರೆ. "ಉಸ್ತಾದ್, ನಮಗೆ ಈಜು ಬರ್ತದೆ" ಅಂತಾರೆ. 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಸಿನಿಮಾ ಚಿತ್ರೀಕರಣಕ್ಕೆ ಹೆಲಿಕಾಪ್ಟರಿನಿಂದ ಜಿಗಿದ ಇಬ್ಬರು ಕಟ್ಟುಮಸ್ತಾದ ನಟರು ಜಾಕೆಟ್ ಇಲ್ಲದೆ ಮುಳುಗಿ ಸತ್ತದ್ದನ್ನು ಇಡೀ ನಾಡು ಟೀವಿಯಲ್ಲಿ ನೋಡಿತು. ದೇಹದ ಶಕ್ತಿ ನೀರಿಗೆ ಲೆಕ್ಕವಿಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ದೋಣಿ ಮಗುಚಿ 22 ಜೀವ ಹೋಯಿತು. ಸತ್ತವರಲ್ಲಿ ಬಹಳ ಮಂದಿ ಮಕ್ಕಳು. ನಮ್ಮ ಮಹಲ್ಲ್‌ಗಳಲ್ಲಿ ಅವರಿಗಾಗಿ ದುಆ ಮಾಡಿದ್ದೇವೆ. ಅದು ಮೀನು ಹಿಡಿಯುವ ದೋಣಿಯನ್ನೇ ತಿದ್ದಿ ಪ್ರವಾಸಿಗರಿಗೆಂದು ಮಾಡಿಕೊಂಡದ್ದು, ಮಿತಿ ಮೀರಿ ಜನರನ್ನು ಹತ್ತಿಸಿದ್ದು. ಹೇಗೋ ನಡೆಯುತ್ತದೆ ಎಂಬ ಧೈರ್ಯ ಅಲ್ಲಿದ್ದದ್ದೂ ಇದೇ, ಇಲ್ಲಿ ಟ್ಯೂಬಿನ ಮೇಲಿರುವುದೂ ಇದೇ. ಬಕ್ರೀದ್‌ಗೆ ಕೊಳ್ಳುವ ಒಂದು ಜೊತೆ ಬಟ್ಟೆಯ ದುಡ್ಡಿಗೆ ಒಂದು ಜಾಕೆಟ್ ಬರುತ್ತದೆ, ಮಾರಾಯರೇ.

ಹೊಳೆಯ ಮಾತು ಬೇರೆ, ಕೆರೆಯ ಮಾತು ಬೇರೆ. ಕೆ.ಆರ್.ಎಸ್.ನಿಂದ ನೀರು ಬಿಟ್ಟಾಗ ಕಾವೇರಿಯ ನಡುವಿನ ಬಂಡೆಯ ಮೇಲೆ ಕೂತವನಿಗೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ದೊಡ್ಡ ಮಳೆಯ ವರ್ಷಗಳಲ್ಲಿ ಲಕ್ಷ ಕ್ಯೂಸೆಕ್ ದಾಟಿ ಬಿಟ್ಟದ್ದುಂಟು. ಹೊಳೆ ಪಾತ್ರದ ಜನರಿಗೆ ಎಚ್ಚರಿಕೆ ಕೊಟ್ಟ ದಿನ ತೆಪ್ಪ ಮನೆಯಲ್ಲಿರಲಿ. ಶಿವನಸಮುದ್ರದಿಂದ ಕೆಳಗೆ, ಮುತ್ತತ್ತಿ, ಭೀಮೇಶ್ವರಿ ಕಡೆ ಹೋಗುವ ಹುಡುಗರಿಗೆ ಇನ್ನೂ ಒಂದು ಮಾತು. ಅದು ಕಾವೇರಿ ವನ್ಯಜೀವಿ ಧಾಮ. ಅಲ್ಲಿ ಗಾಳ ಹಾಕಿದರೆ ಮೀನಿನ ಜೊತೆ ಅರಣ್ಯ ಇಲಾಖೆಯ ಕೇಸೂ ಬರುತ್ತದೆ. ಅಲ್ಲಿರುವ ಗೂನುಬೆನ್ನಿನ ಮಹಶೀರ್ ಕಾವೇರಿ ಸೀಮೆ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. 2018ರಿಂದ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಅಲ್ಲಾಹನು ಒಂದೇ ಹೊಳೆಗೆ ಕೊಟ್ಟ ಮೀನನ್ನು ತೋಟೆ ಹಾಕಿ ಕೊಲ್ಲುವವರು ಯಾರೇ ಆಗಲಿ, ಅವರು ಹಿಡಿದದ್ದು ರಿಝ್ಕ್ ಅಲ್ಲ. ಮತ್ತೆ ಅಲ್ಲಿ ಮೊಸಳೆಗಳೂ ಉಂಟು, ಅದನ್ನು ನಾವು ಹೇಳಬೇಕಾಗಿಲ್ಲ.

ಇನ್ನು ಜಗಳಕ್ಕೆ ಕಾರಣವಾಗುವ ವಿಷಯ. ಕೆರೆಯ ಮೀನು ಯಾರದ್ದು? ನಮ್ಮ ಹುಡುಗರು ಹದೀಸ್ ಹೇಳುತ್ತಾರೆ: ನೀರು, ಹುಲ್ಲು, ಬೆಂಕಿಯಲ್ಲಿ ಜನರೆಲ್ಲ ಪಾಲುದಾರರು ಎಂದು ಪ್ರವಾದಿ (ಸ) ಕಲಿಸಿದ್ದಾರಲ್ಲ ಅಂತ. ಕಲಿಸಿದ್ದಾರೆ, ಹೌದು. ಹರಿಯುವ ಹೊಳೆಯ ಮೀನು ಹಿಡಿದವನದ್ದೇ. ಆದರೆ ಒಬ್ಬ ತನ್ನ ಕೊಳವನ್ನು ಕಟ್ಟಿ ಮೀನು ಹೊರಹೋಗದ ಹಾಗೆ ಮಾಡಿದರೆ ಅದು ಅವನ ಸ್ವತ್ತು ಎಂದು ಫಿಕ್‌ಹ್‌ನ ಕಿತಾಬುಗಳು ಹೇಳುತ್ತವೆ. ನಮ್ಮ ಕೆರೆಗಳನ್ನು ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯಿತಿಯೋ ಗುತ್ತಿಗೆಗೆ ಕೊಡುತ್ತದೆ. ಮೀನುಗಾರರ ಸಹಕಾರ ಸಂಘದವರು ದುಡ್ಡು ಕಟ್ಟಿ, ಮೀನುಮರಿ ತಂದು ಬಿಟ್ಟು, ಅದು ಬೆಳೆಯುವ ತನಕ ರಾತ್ರಿ ಕಾದಿರುತ್ತಾರೆ. ಆ ಕಾಟ್ಲಾವನ್ನು ಕೇಳದೆ ಎತ್ತಿ ತಂದು ಬಿಸ್ಮಿ ಹೇಳಿ ತಿಂದರೆ ಅದು ಹಲಾಲ್ ಆಗುವುದಾದರೂ ಹೇಗೆ? ಮೀನು ಹಲಾಲ್, ತಂದ ದಾರಿ ಹರಾಮ್. ದಡದಲ್ಲಿ ಗಾಳ ಹಾಕುವ ಹುಡುಗರನ್ನು ಗುತ್ತಿಗೆದಾರರು ಸಾಮಾನ್ಯವಾಗಿ ನೋಡಿಯೂ ನೋಡದಂತೆ ಬಿಡುತ್ತಾರೆ. ಅದು ಅವರ ದೊಡ್ಡ ಮನಸ್ಸು. ದೋಣಿ ಇಳಿಸಿದರೆ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಇಂದಿನ ದಿನಮಾನದಲ್ಲಿ ಒಂದು ಕೆರೆಯ ಜಗಳ ಎರಡು ಸಮುದಾಯದ ಜಗಳ ಆಗಲು ಎಷ್ಟು ಹೊತ್ತು ಬೇಕು ಎಂಬುದನ್ನು ಹಿರಿಯರು ಬಲ್ಲರು. ಕೇಳಿ ಇಳಿಯಲಿ, ಕೊಡಬೇಕಾದ್ದು ಕೊಟ್ಟು ಇಳಿಯಲಿ. ಹೊಳೆ, ಜಲಾಶಯಕ್ಕೂ ಇಲಾಖೆಯ ಲೈಸೆನ್ಸ್ ಉಂಟು, 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಉಂಟು. ಮಳೆಗಾಲದ ಶುರುವಿನಲ್ಲಿ ಮೀನು ಮೊಟ್ಟೆ ಇಡುವ ಕಾಲಕ್ಕೆ ಬಲೆ ಮೇಲಿಡಬೇಕು. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳೂ ಮರಿಗಳಿಗೆ ಇದೇ ಕೆರೆಗಳಿಂದ ಮೀನು ಒಯ್ಯುತ್ತವೆ, ಅವಕ್ಕೂ ಪಾಲಿದೆ.

(ತೇಲುವ ಸತ್ತ ಮೀನಿನ ಬಗ್ಗೆ ಪದೇ ಪದೇ ಪ್ರಶ್ನೆ ಬರುತ್ತದೆ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಅದಕ್ಕೆ ಅನುಮತಿ ಇದೆ, ಇಲ್ಲಿಯ ಹನಫಿ ಸಹೋದರರು ತಿನ್ನುವುದಿಲ್ಲ. ಇದರ ಮೇಲೆ ಏರಿಯ ಮೇಲೆ ನಿಂತು ವಾದ ಮಾಡುವುದು ಬೇಡ. ಕೆರೆಯಲ್ಲಿ ಮೀನು ತಾನಾಗಿ ಸತ್ತು ತೇಲುತ್ತಿದ್ದರೆ ನೀರು ಕೆಟ್ಟಿದೆ ಎಂದರ್ಥ. ಎರಡೂ ಮದ್‌ಹಬ್‌ನವರು ಮುಟ್ಟದಿದ್ದರೆ ಆರೋಗ್ಯಕ್ಕೆ ಒಳ್ಳೆಯದು.)

ಮೀನನ್ನೇ ದುಡಿಮೆ ಮಾಡಿಕೊಳ್ಳಬೇಕೆಂಬ ಹುಡುಗರೂ ಇದ್ದಾರೆ. ಗಲ್ಫಿನಿಂದ ಬರಿಗೈಯಲ್ಲಿ ಬಂದವರು, ಅಂಗಡಿಯಲ್ಲಿ ಸಂಬಳ ಸಾಲದವರು. ಅವರು ಕದ್ದುಮುಚ್ಚಿ ಟ್ಯೂಬಿನಲ್ಲಿ ಹೋಗಬೇಕಾಗಿಲ್ಲ. ತಾಲೂಕು ಮಟ್ಟದ ಮೀನುಗಾರಿಕೆ ಕಚೇರಿಗೆ ನೇರ ಹೋಗಲಿ. ಒಳನಾಡು ಮೀನುಗಾರರಿಗೆ ಫೈಬರ್ ಹರಿಗೋಲು, ಬಲೆ ಕೊಡುವ ಯೋಜನೆಗಳನ್ನು ಇಲಾಖೆ ನಡೆಸುತ್ತಾ ಬಂದಿದೆ. ಕೇಂದ್ರದ ಮತ್ಸ್ಯ ಸಂಪದ ಯೋಜನೆ 2020ರಿಂದ ಇದೆ. ಅದರಲ್ಲಿ ಫಲಾನುಭವಿ ಕಾಮಗಾರಿಗಳಿಗೆ ಸಾಮಾನ್ಯ ವರ್ಗಕ್ಕೆ ಶೇಕಡಾ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇಕಡಾ 60 ಸಹಾಯಧನ. ನೋಂದಾಯಿತ ಮೀನುಗಾರ ಅಪಘಾತದಲ್ಲಿ ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷದ ವಿಮೆ. ಕಾಗದಪತ್ರ ಮಾಡಿಸಲು ನಾಲ್ಕು ದಿನ ಅಲೆಯಬೇಕಾದೀತು, ಅಲೆಯಲಿ.

ಕೆಲವು ತಾಯಿ ತಂದೆಯರು ಒಂದು ಮಾತು ಹೇಳುವುದುಂಟು: ಆಯುಸ್ಸು ಬರೆದವನು ಅಲ್ಲಾಹು, ಮುಳುಗಿ ಸತ್ತವನಿಗೆ ಶಹೀದರ ಪ್ರತಿಫಲ ಉಂಟಲ್ಲ ಉಸ್ತಾದ್ ಅಂತ. ಉಂಟು, ಹದೀಸಿನಲ್ಲಿ ಬಂದಿದೆ. ಅದು ಮಗನನ್ನು ಕಳಕೊಂಡ ಉಮ್ಮನ ಕಣ್ಣೀರು ಒರೆಸಲು ಬಂದ ಮಾತು, ಮಗನನ್ನು ಟ್ಯೂಬಿನ ಮೇಲೆ ಕಳಿಸಲು ಬಂದದ್ದಲ್ಲ. ಸ್ವಂತ ಕೈಯಿಂದ ನಾಶಕ್ಕೆ ಬೀಳಬೇಡಿರೆಂಬ ಆಜ್ಞೆ ಖುರ್‌ಆನಿನಲ್ಲೇ ಇದೆ. ಒಂಟೆ ಕಟ್ಟಿಯೇ ತವಕ್ಕುಲ್ ಮಾಡಬೇಕೆಂದು ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಪ್ರತಿ ಜುಮಾ ದಿನ ನಾವು ಓದುವ ಸೂರಃ ಅಲ್ ಕಹ್ಫ್‌ನಲ್ಲಿ ನೀರಿನಲ್ಲಿ ದುಡಿಯುವ ಬಡವರ ಒಂದು ದೋಣಿಯ ಕಥೆ ಉಂಟು. ಖಿಳ್ರ್ (ಅ) ಅದಕ್ಕೆ ತೂತು ಮಾಡಿದಾಗ ಮೂಸಾ ನೆಬಿ (ಅ) ದೋಣಿಯ ಬೆಲೆ ಎಷ್ಟೆಂದು ಕೇಳಲಿಲ್ಲ, ಅದರಲ್ಲಿರುವವರು ಮುಳುಗಿದರೆ ಏನು ಗತಿ ಎಂದೇ ಕೇಳಿದರು. ನಮ್ಮ ಜಮಾಅತ್‌ಗಳ ಬಾಯಿಂದಲೂ ಮೊದಲು ಬರಬೇಕಾದ ಪ್ರಶ್ನೆ ಅದೇ.

ಹಾಗಾಗಿ ಮಂಡ್ಯ, ಮದ್ದೂರು, ಮಳವಳ್ಳಿಯ ಮಸೀದಿ ಕಮಿಟಿಗಳಲ್ಲಿ ನಮ್ಮ ಬಿನ್ನಹ ಇಷ್ಟು. ಮಕ್ಕಳಿಗೆ ಈಜು ಕಲಿಸಿ ಎಂಬ ಮಾತು ಉಮರ್ (ರ) ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ನಾವು ಅದನ್ನು ಭಾಷಣದಲ್ಲಿ ಹೇಳಿ ಬಿಡುತ್ತೇವೆ. ಮದ್ರಸಕ್ಕೆ ರಜೆ ಸಿಗುವ ದಿನಗಳಲ್ಲಿ ಎಂಟು ವರ್ಷ ದಾಟಿದ ಮಕ್ಕಳಿಗೆ, ಈಜು ಬಲ್ಲ ಹಿರಿಯರನ್ನು ಜೊತೆಗಿಟ್ಟುಕೊಂಡು, ಹೂಳಿಲ್ಲದ ಒಂದು ಸುರಕ್ಷಿತ ಜಾಗದಲ್ಲಿ ಕಲಿಸುವ ವ್ಯವಸ್ಥೆ ಆಗಲಿ. ಹೆಣ್ಣುಮಕ್ಕಳಿಗೂ ಪ್ರತ್ಯೇಕ ಸಮಯ, ಹೆಂಗಸರೇ ಕಲಿಸುವ ಹಾಗೆ. ಕಮಿಟಿಯ ದುಡ್ಡಿನಲ್ಲಿ ಆರು ಲೈಫ್ ಜಾಕೆಟ್, ಉದ್ದದ ಒಂದು ಹಗ್ಗ ಮಸೀದಿಯಲ್ಲಿ ಇರಲಿ. ಮಯ್ಯತ್ ಕಟ್ಟಿಲು ಇಡಲು ಜಾಗ ಇರುವ ಮಸೀದಿಯಲ್ಲಿ ಇದಕ್ಕೂ ಜಾಗ ಇದ್ದೇ ಇರುತ್ತದೆ. ನೀರಿಗೆ ಹೋಗುವ ಹುಡುಗ ಬೇಕಾದರೆ ಹೆಸರು ಬರೆಸಿ ಒಯ್ಯಲಿ, ಮಗ್ರಿಬ್‌ಗೆ ಮುಂಚೆ ತಂದು ಒಪ್ಪಿಸಲಿ. ತಂದು ಒಪ್ಪಿಸದಿದ್ದರೆ ಹುಡುಕಿಕೊಂಡು ಹೋಗಲು ಯಾವ ಕೆರೆ ಎಂಬುದು ಪುಸ್ತಕದಲ್ಲಿ ಬರೆದಿರುತ್ತದೆ.